ಬೆಲೆಗೆ ಜಗಳ, ಬೀಗಕ್ಕೆ ಮೌನ

ಗಣಕಯಂತ್ರದಲ್ಲಿ ಕನ್ನಡ ಬರೆಯುವವರಿಗೆ ಎರಡು ಹೆಸರುಗಳು ಚಿರಪರಿಚಿತ: ಬರಹ ಮತ್ತು ನುಡಿ. ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬರಹವನ್ನು ಹೊರತಂದರು. ವರ್ಷಗಟ್ಟಲೆ ಕಾಲ ಅದನ್ನು ಯಾರು ಬೇಕಾದರೂ ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದಿತ್ತು. ನುಡಿಯನ್ನು ಕನ್ನಡ ಗಣಕ ಪರಿಷತ್ತು ರಾಜ್ಯ ಸರಕಾರಕ್ಕಾಗಿ ಸಿದ್ಧಪಡಿಸಿತು. ಅದೂ ಪುಕ್ಕಟೆ. ಮುಂದೆ ಹತ್ತನೆಯ ಆವೃತ್ತಿಯ ಹೊತ್ತಿಗೆ ಬರಹಕ್ಕೆ ಬೆಲೆ ನಿಗದಿಯಾಯಿತು. ಅಷ್ಟು ದಿನ ಹೊಗಳುತ್ತಿದ್ದ ಹಲವರ ಮುಖ ಗಂಟಾಯಿತು. ಕನ್ನಡದ ಸೇವೆ ಎಂದವರು ಕನ್ನಡ ಮಾರಲು ಹೊರಟರೇ ಎಂಬ ಧಾಟಿಯ ಮಾತುಗಳು ಕೇಳಿಬಂದವು.

ನುಡಿಯ ಬಗ್ಗೆ ಅಂತಹ ಸಿಟ್ಟು ಹುಟ್ಟಲಿಲ್ಲ. ಅದು ಸರಕಾರಿ ಕಚೇರಿಗಳ ಮೇಜು ಮೇಜಿಗೂ ತಲುಪಿದ ವರ್ಷಗಳಲ್ಲಿ ಅದರ ಸೋರ್ಸ್ ಕೋಡ್ ಜೊತೆಯಲ್ಲಿ ಬರಲಿಲ್ಲ. ಸಾರ್ವಜನಿಕರ ಹಣದ ಬೆಂಬಲದಿಂದ ತಯಾರಾದ ವಸ್ತುವಿನ ಒಳಗನ್ನು ಸಾರ್ವಜನಿಕರು ನೋಡುವಂತಿರಲಿಲ್ಲ. ಇದನ್ನು ಪ್ರಶ್ನಿಸಿದವರು ಬೆರಳೆಣಿಕೆಯ ತಂತ್ರಜ್ಞರು ಮಾತ್ರ. ಭಾಷೆಯ ಉಳಿವಿನ ಬಗ್ಗೆ ವೇದಿಕೆ ಸಿಕ್ಕಲ್ಲೆಲ್ಲ ಮಾತನಾಡುವ ನಮ್ಮ ಸಾಹಿತ್ಯ ವಲಯಕ್ಕೆ ಅದೊಂದು ವಿಷಯವಾಗಿಯೇ ಕಾಣಿಸಲಿಲ್ಲ. ಬೆಲೆ ಹಾಕಿದವನ ಮೇಲೆ ಕೋಪ, ಬೀಗ ಹಾಕಿದವನಿಗೆ ಕೃತಜ್ಞತೆ! ಈ ವಿಚಿತ್ರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಸೋರ್ಸ್ ಕೋಡ್ ಎಂದರೆ ಇಂಜಿನಿಯರ್ ತನ್ನ ಕೈಯಾರೆ ಬರೆದ ಮೂಲಪಾಠ. ತಿಳಿದವರು ಅದನ್ನು ಓದಬಹುದು, ತಿದ್ದಬಹುದು. ಅದನ್ನು ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕಿಗಳ ಸಾಲಾಗಿ ಮಾರ್ಪಡಿಸಿದ ಮೇಲೆ ನಮ್ಮ ಕೈಗೆ ಬರುತ್ತದೆ. ಹಾಗೆ ಬಂದದ್ದನ್ನು ಬಳಸಬಹುದೇ ಹೊರತು ಅದರೊಳಗೆ ಏನಿದೆಯೆಂದು ತಿಳಿಯುವುದು ಬಹಳ ಕಷ್ಟ. ಮೂಲಪಾಠ ಕೈಯಲ್ಲಿದ್ದವನೇ ಅದರ ನಿಜವಾದ ಯಜಮಾನ.

ಇಂಗ್ಲಿಷಿನಲ್ಲಿ ಈ ವಿಷಯ ಚರ್ಚಿಸುವವರಿಗೆ ಒಂದು ತೊಡಕಿದೆ. ಅಲ್ಲಿ 'ಫ್ರೀ' ಎಂಬ ಒಂದೇ ಪದ ಪುಕ್ಕಟೆಗೂ ಸಲ್ಲುತ್ತದೆ, ಸ್ವಾತಂತ್ರ್ಯಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಹೀಗಿದ್ದೂ ನಾವು ಎರಡನ್ನೂ ಕಲಸಿದೆವು. 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ ಮುಕ್ತ ತಂತ್ರಾಂಶದ ಚಳವಳಿಗೆ ನಾಂದಿ ಹಾಡಿದ ರಿಚರ್ಡ್ ಸ್ಟಾಲ್‌ಮನ್ 1985ರ ಸುಮಾರಿಗೆ ತಮ್ಮ ಈಮ್ಯಾಕ್ಸ್ ಎಂಬ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿಸಿ 150 ಡಾಲರಿಗೆ ಮಾರುತ್ತಿದ್ದರು. ಅದರಿಂದ ಅವರ ಜೀವನವೂ ಸಾಗುತ್ತಿತ್ತು. ಮುಕ್ತ ತಂತ್ರಾಂಶವನ್ನು ಹಣಕ್ಕೆ ಮಾರುವುದು ಅವರ ದೃಷ್ಟಿಯಲ್ಲಿ ತಪ್ಪೇ ಅಲ್ಲ. ಅವರು ರೂಪಿಸಿದ ಪರವಾನಗಿಯ 1991ರ ಆವೃತ್ತಿಯನ್ನು ನೋಡಿದರೆ ಹಣದ ವಿಷಯ ಸ್ಪಷ್ಟವಾಗುತ್ತದೆ. ಪ್ರತಿಯೊಂದಕ್ಕೆ ನೀವು ಎಷ್ಟು ಬೇಕಾದರೂ ಬೆಲೆ ಹೇಳಬಹುದು. ಆದರೆ ಕೊಂಡವನಿಗೆ ಮೂಲಪಾಠವೂ ಸಿಗಲೇಬೇಕು. ಅದನ್ನು ಆಮೇಲೆ ಬೇರೆಯಾಗಿ ಕಳುಹಿಸುವುದಾದರೆ ಕಳುಹಿಸುವ ಖರ್ಚಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಅಂದರೆ, ತಂತ್ರಾಂಶಕ್ಕೆ ಸಾವಿರ ರೂಪಾಯಿ ತೆಗೆದುಕೊಂಡು, ಮೂಲಪಾಠ ಕೇಳಿದಾಗ ಲಕ್ಷ ರೂಪಾಯಿ ಎಂದು ಹೇಳಿ ಬಾಗಿಲು ಮುಚ್ಚುವ ಉಪಾಯಕ್ಕೆ ಅಲ್ಲಿ ಆಸ್ಪದವಿಲ್ಲ. ಕೊಂಡವನು ಅದನ್ನು ತಿದ್ದಬಹುದು, ಇನ್ನೊಬ್ಬನಿಗೆ ಪುಕ್ಕಟೆ ಕೊಡಬಹುದು, ಬೇಕಿದ್ದರೆ ಮಾರಲೂಬಹುದು.

ಇದೆಲ್ಲ ಬೆಂಗಳೂರಿನ ಕಂಪೆನಿಗಳವರ ಚರ್ಚೆ, ನಮಗೇಕೆ ಎನ್ನುವವರು ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ಯಾವುದಾದರೂ ಹಳೆಯ ಡಿಟಿಪಿ ಅಂಗಡಿಗೆ ಹೋಗಿ ನೋಡಬೇಕು. ಮದುವೆಯ ಕಾಗದ, ಉರೂಸಿನ ಕರಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಜಮಾಅತಿನ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ ಎಲ್ಲವೂ ಅಲ್ಲೇ ಹುಟ್ಟಿದವು. ಈ ಮೂರು ತಾಲೂಕುಗಳ ಸಾಮಾಜಿಕ ಇತಿಹಾಸ ಬರೆಯುವವನಿಗೆ ಇದಕ್ಕಿಂತ ದೊಡ್ಡ ಭಂಡಾರ ಸಿಗದು. ಆದರೆ ಆ ಕಡತಗಳ ಬಹುಪಾಲು 'ನುಡಿ 01 ಇ', 'ಬಿಆರ್‌ಎಚ್ ಕನ್ನಡ' ಮುಂತಾದ ಹಳೆಯ ಅಕ್ಷರಗಳಲ್ಲಿವೆ. ಅವು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಏರ್ಪಾಟು ಅದು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ನಿಮ್ಮ ಅಜ್ಜನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು ಕಾಣಿಸುತ್ತವೆ. ಪರಿವರ್ತಕಗಳಲ್ಲಿ ಹಾಕಿ ಯುನಿಕೋಡಿಗೆ ತಂದರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ಒತ್ತಕ್ಷರ ತಪ್ಪುತ್ತದೆ. ತಪ್ಪನ್ನು ಸರಿಪಡಿಸಬೇಕಾದರೆ ಅಕ್ಷರಗಳನ್ನು ಮೂಲದಲ್ಲಿ ಹೇಗೆ ಜೋಡಿಸಿದ್ದರು ಎಂಬುದು ಗೊತ್ತಿರಬೇಕು. ಅದು ಬೀಗದೊಳಗೆ ಇದ್ದರೆ ಹೊರಗಿನಿಂದ ತಡಕಾಡಿ ಊಹಿಸಬೇಕು. (ಇದೇ ಅಂಗಡಿಗಳಲ್ಲಿ ವಿದೇಶೀ ಕಂಪೆನಿಗಳ ಪೇಜ್‌ಮೇಕರ್, ಕೋರೆಲ್‌ಡ್ರಾಗಳು ಎಷ್ಟೋ ಕಡೆ ಕದ್ದ ಪ್ರತಿಗಳಾಗಿದ್ದವು ಎಂಬುದು ಗುಟ್ಟಿನ ಸಂಗತಿಯೇನಲ್ಲ. ಕದ್ದದ್ದೂ ಪುಕ್ಕಟೆ, ಕೊಟ್ಟದ್ದೂ ಪುಕ್ಕಟೆ. ಹಾಗಾಗಿ ತಂತ್ರಾಂಶದ ಹಿಂದೆ ಒಬ್ಬ ಮನುಷ್ಯನ ದುಡಿಮೆ ಇದೆಯೆಂಬ ಭಾವನೆಯೇ ನಮ್ಮಲ್ಲಿ ಬೆಳೆಯಲಿಲ್ಲ.)

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಗುರುಪುರ ಕೈಕಂಬದ ಬಳಿ ಕಿನ್ನಿಕಂಬಳ ಎಂಬ ಊರಿದೆ. ಕೆ.ಪಿ. ರಾವ್ ಎಂದು ಹೆಸರಾದ ಕಿನ್ನಿಕಂಬಳ ಪದ್ಮನಾಭ ರಾವ್ ಆ ಊರಿನವರು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ಎಲ್ಲ ಅಕ್ಷರಗಳನ್ನೂ ಉಚ್ಚಾರದ ತರ್ಕಕ್ಕೆ ಹೊಂದಿಸಿ ಕೂರಿಸುವ ಉಪಾಯವನ್ನು ಕಂಡುಕೊಂಡವರು ಅವರು. ಈ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನೇ ತಮ್ಮ ತಂತ್ರಾಂಶಕ್ಕೆ ಇಟ್ಟರು. ಆ ಕೀಲಿಮಣೆಯ ವಿನ್ಯಾಸಕ್ಕೆ ಅವರು ಬೇಲಿ ಹಾಕಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಸರಕಾರ ಅದನ್ನೇ ಅಧಿಕೃತವೆಂದು ಒಪ್ಪಿತು, ನುಡಿ ಅದನ್ನೇ ಅಳವಡಿಸಿಕೊಂಡಿತು. ಮುಂದೆ ಏನಾಯಿತು ನೋಡಿ. ವಿಂಡೋಸಿನ ಆವೃತ್ತಿಗಳು ಬದಲಾದಂತೆ ಹಳೆಯ ನುಡಿ ಒದ್ದಾಡಿತು. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಅಂತಹ ಕಷ್ಟವೇನೂ ಬರಲಿಲ್ಲ. ಲಿನಕ್ಸ್ ಬಂದಾಗ ಯಾರೋ ಅದನ್ನು ಅಲ್ಲಿಗೆ ಒಯ್ದರು, ಮೊಬೈಲ್ ಬಂದಾಗ ಇನ್ನಾರೋ ಅಲ್ಲಿಗೂ ಒಯ್ದರು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

2000ದ ದಶಕದ ಮೊದಲ ಭಾಗದಲ್ಲಿ, ನುಡಿಯಲ್ಲಿ ಬರಹದ ಕೆಲಸವನ್ನು ನಕಲು ಮಾಡಲಾಗಿದೆ ಎಂಬ ಆರೋಪ ಎದ್ದು ದೊಡ್ಡ ವಿವಾದವಾಯಿತು. ಆ ವಿವಾದದಲ್ಲಿ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ನನ್ನ ಮಾತು ಇಷ್ಟೆ: ಎರಡೂ ಕಡೆಯ ಮೂಲಪಾಠಗಳು ಸಾರ್ವಜನಿಕರ ಎದುರು ಇರಲಿಲ್ಲ. ಇದ್ದಿದ್ದರೆ ಬಲ್ಲವರು ಅಕ್ಕಪಕ್ಕ ಇಟ್ಟು ನೋಡಿ ಒಂದು ವಾರದಲ್ಲಿ ಮುಗಿಸಬಹುದಾಗಿತ್ತು. ಹಾಗಾಗಲಿಲ್ಲ. ಓದುಗರಿಗೆ ಉಳಿದದ್ದು ತಮಗೆ ಬೇಕಾದವರ ಪಕ್ಷ ವಹಿಸುವುದು ಮಾತ್ರ.

ಜ್ಞಾನಕ್ಕೆ ಬೆಲೆ ಕಟ್ಟಬಾರದು ಎಂಬ ಭಾವನೆ ಮುಸ್ಲಿಮರಲ್ಲಿ ಆಳವಾಗಿದೆ. ಕೇಳಿದವನಿಗೆ ಗೊತ್ತಿರುವ ಜ್ಞಾನವನ್ನು ಮುಚ್ಚಿಡುವವನ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ ಕಠಿಣ ಎಚ್ಚರಿಕೆಯನ್ನು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಇದನ್ನೇ ಹಿಡಿದು, ತಂತ್ರಾಂಶಕ್ಕೆ ಹಣ ಕೇಳುವುದೇ ತಪ್ಪು ಎನ್ನುವವರಿದ್ದಾರೆ. ಆದರೆ ಆ ಎಚ್ಚರಿಕೆ ಇರುವುದು ಮುಚ್ಚಿಡುವವನಿಗೆ. ದುಡಿದು ಕೂಲಿ ಪಡೆಯುವವನಿಗಲ್ಲ. ಕುರ್‌ಆನ್ ಕಲಿಸಲು ಸಂಬಳ ಪಡೆಯಬಹುದೇ ಎಂಬ ಪ್ರಶ್ನೆಯನ್ನು ಉಲಮಾಗಳು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಆರಂಭದ ಹನಫಿ ವಿದ್ವಾಂಸರು ಕೂಡದೆಂದರು. ಕಾಲ ಬದಲಾಗಿ, ಶಿಕ್ಷಕರಿಗೆ ಖಜಾನೆಯ ಆಸರೆ ತಪ್ಪಿದಾಗ ಅವರ ನಂತರದವರು ಅನುಮತಿ ನೀಡಿದರು. ನಮ್ಮ ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಅದಕ್ಕೆ ಮೊದಲೇ ಅವಕಾಶವಿತ್ತು. ಮದ್ರಸದ ಉಸ್ತಾದರಿಗೆ ನಾವು ಸಂಬಳ ಕೊಡುತ್ತೇವೆ. ಆದರೆ ತಾನು ಕಲಿಸಿದ ಫಾತಿಹಾವನ್ನು ಈ ಹುಡುಗ ಮನೆಯಲ್ಲಿ ತಂಗಿಗೆ ಕಲಿಸಬಾರದು ಎಂದು ಯಾವ ಉಸ್ತಾದರೂ ಹೇಳುವುದಿಲ್ಲ. ದೊಡ್ಡ ವಿದ್ವಾಂಸರು ಶಿಷ್ಯನಿಗೆ ನೀಡುತ್ತಿದ್ದ ಇಜಾಝತ್ ಎಂದರೆ ಏನು? ನನ್ನಿಂದ ಪಡೆದದ್ದನ್ನು ನೀನು ಇತರರಿಗೆ ಒಪ್ಪಿಸಬಹುದು ಎಂಬ ಪರವಾನಗಿಯೇ. ಕುರ್‌ಆನಿನ ಮುದ್ರಿತ ಪ್ರತಿಗೆ ಬೆಲೆ ಎನ್ನದೆ 'ಹದಿಯಾ' ಎನ್ನುವ ವಾಡಿಕೆ ಉಂಟಲ್ಲ, ಅದರಲ್ಲೂ ಈ ವಿವೇಕ ಇದೆ. ಕಾಗದ, ಶಾಯಿ, ದುಡಿಮೆಗೆ ಹಣ ಕೊಟ್ಟೆವು, ವಚನವನ್ನು ಕೊಂಡುಕೊಳ್ಳಲಿಲ್ಲ.

ಗ್ರಂಥಕರ್ತನ ಹಕ್ಕನ್ನು ಇಸ್ಲಾಮ್ ಒಪ್ಪುವುದಿಲ್ಲ ಎಂಬ ವಾದವೂ ನಿಲ್ಲದು. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರಲ್ಲಿ ಕುವೈತ್‌ನಲ್ಲಿ ಸೇರಿದಾಗ ಗ್ರಂಥ, ಆವಿಷ್ಕಾರಗಳ ಮೇಲಿನ ಹಕ್ಕುಗಳು ಶರೀಅತ್ತಿನ ದೃಷ್ಟಿಯಲ್ಲಿ ರಕ್ಷಣೆಗೆ ಅರ್ಹ ಎಂದು ನಿರ್ಣಯಿಸಿತು. ಆದ್ದರಿಂದ ಕದ್ದ ಪೇಜ್‌ಮೇಕರನ್ನು ಜ್ಞಾನದಾನದ ಹೆಸರಲ್ಲಿ ಸಮರ್ಥಿಸಲು ಹೊರಡುವವರು ಸ್ವಲ್ಪ ತಡೆಯುವುದು ಒಳ್ಳೆಯದು. ಹಕ್ಕು ಉಳ್ಳವನೇ ಮನಸಾರೆ ಬಿಟ್ಟುಕೊಡುವುದು ಬೇರೆ, ಅವನ ಬೆನ್ನ ಹಿಂದೆ ನಾವು ಎತ್ತಿಕೊಳ್ಳುವುದು ಬೇರೆ.

ಹಣ, ಮೂಲಪಾಠ, ನಕಲು ಈ ಮೂರರ ಸಂಬಂಧವನ್ನು ಅರಿಯಲು ಮೂಡುಬಿದಿರೆಯಲ್ಲಿ ನಡೆದ ಒಂದು ಘಟನೆಯಷ್ಟು ಸಹಾಯ ಮಾಡುವ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಬಹಳ. ಅದೇ ಊರಿನ ಗುರು ಬಸದಿಯಲ್ಲಿ ಶತಮಾನಗಳಿಂದ ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿ ಗ್ರಂಥಗಳಿದ್ದವು. ದಿಗಂಬರ ಜೈನರಿಗೆ ಇವು ಸಿದ್ಧಾಂತದ ಮೂಲ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ನಮ್ಮ ಹಳಗನ್ನಡದ್ದು. ಇವುಗಳ ಪ್ರಾಚೀನ ಪ್ರತಿ ಬೇರೆಲ್ಲೂ ಉಳಿದಿರಲಿಲ್ಲ. ಉತ್ತರ ಭಾರತದಿಂದ ಯಾತ್ರಿಕರು ಬಂದು ಗರಿಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ದರ್ಶನಕ್ಕೆ ಅಡ್ಡಿಯಿರಲಿಲ್ಲ. ಓದುವುದಕ್ಕೆ, ನಕಲು ಮಾಡುವುದಕ್ಕೆ ಇತ್ತು.

ಗರಿಗಳು ಶಿಥಿಲವಾಗುತ್ತಿವೆಯೆಂಬ ಆತಂಕದಿಂದ ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬೈಯ ಮಾಣಿಕಚಂದ ಮುಂತಾದ ಶ್ರೀಮಂತರು ಹಣ ಹೊಂದಿಸಿದರು. ಬಹಳ ಮನವೊಲಿಕೆಯ ಬಳಿಕ 1896ರ ಸುಮಾರಿಗೆ ನಕಲು ಕೆಲಸ ಶುರುವಾಯಿತು. ಮೂರೂ ಗ್ರಂಥಗಳ ಕೆಲಸ ಮುಗಿದದ್ದು 1922ರ ಹೊತ್ತಿಗೆ. ಲಿಪಿಕಾರರಿಗೆ ಸಂಬಳ ಸಿಕ್ಕಿತು. ಆದರೆ ಒಂದು ಷರತ್ತಿತ್ತು. ಹೊಸ ಪ್ರತಿಗಳೂ ಮೂಡುಬಿದಿರೆ ಬಿಟ್ಟು ಹೋಗುವಂತಿಲ್ಲ! ಖರ್ಚು ಮಾಡಿದವರಿಗೂ ಪ್ರತಿ ಸಿಗಲಿಲ್ಲ.

ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು, ವಿದುಷಿಯಾಗಿದ್ದ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡರು. 1915ರಲ್ಲಿ ಅದನ್ನು ಹೀರಾಚಂದರ ಬಳಿಗೆ ಒಯ್ದು, ಕಾಣಿಕೆ ಕೊಟ್ಟು ಇರಿಸಿಕೊಳ್ಳಿ ಎಂದರು. ವರ್ಷಗಟ್ಟಲೆ ಹಂಬಲಿಸಿದ್ದ ವಸ್ತು ಮನೆ ಬಾಗಿಲಿಗೆ ಬಂದಿತ್ತು. ಆದರೆ ಕದ್ದು ತಂದದ್ದೆಂಬ ಕಾರಣಕ್ಕೆ ಆ ಸೇಠರು ಒಪ್ಪಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಹಣ ಕೊಟ್ಟು ತೆಗೆದುಕೊಂಡರು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ನೇಮಕಗೊಂಡ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅಲ್ಲಿಂದ ಪ್ರತಿಗಳು ಹಲವು ಊರುಗಳಿಗೆ ಹರಡಿದವು. ಆ ಪ್ರತಿಗಳ ಪ್ರತಿಗಳನ್ನು ಆಧರಿಸಿ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು.

ಗಜಪತಿ ಉಪಾಧ್ಯಾಯರದು ಪುಣ್ಯವೋ ಕಳ್ಳತನವೋ ಎಂದು ಹೇಳುವುದು ಸುಲಭವಲ್ಲ. ನನಗೆ ಹೀರಾಚಂದರ ನಿರಾಕರಣೆಯ ಬಗ್ಗೆ ಗೌರವವಿದೆ, ಲಕ್ಷ್ಮೀಬಾಯಿಯವರ ಶ್ರಮದ ಬಗ್ಗೆಯೂ ಇದೆ. ಬಸದಿಯವರನ್ನು ಖಳರನ್ನಾಗಿ ಮಾಡುವುದೂ ಸರಿಯಲ್ಲ. ಅವರು ಶತಮಾನಗಳ ಕಾಲ ಹುಳ ಹಿಡಿಯದಂತೆ, ಮಳೆಗಾಲದ ತೇವ ತಾಗದಂತೆ ಕಾಪಾಡಿರದಿದ್ದರೆ ನಕಲು ಮಾಡಲು ಏನೂ ಉಳಿಯುತ್ತಿರಲಿಲ್ಲ. ಆದರೆ ಬೀಗದ ಪರಿಣಾಮ ಏನಾಯಿತೆಂಬುದನ್ನು ಗಮನಿಸಬೇಕು. ಕದ್ದುಮುಚ್ಚಿ ಬರೆದ ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಹೋದಾಗ ತಪ್ಪುಗಳು ನುಸುಳಿದವು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಪ್ರತಿಗಳಲ್ಲಿ ಇರಲಿಲ್ಲ. ಇಲ್ಲಿ ಅದು ಬಿಟ್ಟುಹೋದಂತಿದೆ ಎಂದು ಸಂಪಾದಕರು ಸಂಶಯಪಟ್ಟು ಟಿಪ್ಪಣಿ ಹಾಕಿದರು. ಅದು ಸಾಮಾನ್ಯ ಪದವಲ್ಲ. ಸ್ತ್ರೀಗೆ ಸಾಧನೆಯ ಎತ್ತರದ ಮೆಟ್ಟಿಲುಗಳು ಉಂಟೇ ಎಂಬ ದೊಡ್ಡ ಪ್ರಶ್ನೆ ಅದಕ್ಕೆ ಅಂಟಿಕೊಂಡಿತ್ತು. ದಿಗಂಬರ ಪಂಡಿತರಲ್ಲಿ ಭಾರೀ ವಾದ ಎದ್ದಿತು. ಅಷ್ಟರಲ್ಲಿ ಮೂಡುಬಿದಿರೆಯವರೂ ಮನಸ್ಸು ಬದಲಿಸಿ, ಲೋಕನಾಥ ಶಾಸ್ತ್ರಿಗಳಂತಹ ಊರಿನ ವಿದ್ವಾಂಸರ ಮೂಲಕ ಮೂಲದೊಂದಿಗೆ ಹೋಲಿಸಿ ನೋಡಲು ಅವಕಾಶ ಮಾಡಿಕೊಟ್ಟಿದ್ದರು. ತಾಳೆಗರಿಯಲ್ಲಿ ಆ ಪದ ಇತ್ತು. ಅದರ ಅರ್ಥದ ಬಗ್ಗೆ ಪಂಡಿತರು ಮುಂದೆಯೂ ವಾದಿಸಿದರು, ಅದು ಅವರ ಹಕ್ಕು. ಪದ ಉಂಟೋ ಇಲ್ಲವೋ ಎಂಬ ಸಂಶಯವಂತೂ ಮೂಲ ತೆರೆದುಕೊಂಡ ದಿನ ಪರಿಹಾರವಾಯಿತು.

ಇಡೀ ಪ್ರಕರಣದಲ್ಲಿ ಹಣ ಕೈ ಬದಲಾಯಿಸುತ್ತಲೇ ಇತ್ತು. ಲಿಪಿಕಾರನ ಸಂಬಳ, ಗಜಪತಿಯವರ ಕಾಣಿಕೆ, ಅಚ್ಚಿನ ಖರ್ಚು. ಆ ಹಣದಿಂದ ಗ್ರಂಥಕ್ಕೆ ಯಾವ ಹಾನಿಯೂ ಆಗಲಿಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಸಾವಿರ ಪ್ರತಿ ಬರೆದ ಕೈಗಳು ಪುಕ್ಕಟೆ ದುಡಿದಿರಲಾರವು. ಅವಳು ಹಣ ಸುರಿದದ್ದು ಗ್ರಂಥ ಹರಡಲೆಂದು.

ಇನ್ನು ಬರಹದ ಬೆಲೆಗೆ ಬರೋಣ. ಒಬ್ಬ ವ್ಯಕ್ತಿ ವರ್ಷಗಟ್ಟಲೆ ತನ್ನ ಬಿಡುವಿನ ಸಮಯ ಕೊಟ್ಟು ಒಂದು ಸಾಧನ ಕಟ್ಟಿ, ಆಮೇಲೆ ಅದಕ್ಕೆ ಬೆಲೆ ಕೇಳಿದರೆ ಅದರಲ್ಲಿ ದ್ರೋಹವೇನಿದೆ? ಅವರ ಮೂಲಪಾಠ ಮುಚ್ಚಿತ್ತು ಎಂಬುದು ನನ್ನ ದೂರು. ಆದರೆ ಅದು ಅವರ ಸ್ವಂತ ದುಡಿಮೆ, ತೆರೆಯಿರಿ ಎಂದು ವಿನಂತಿಸಬಹುದೇ ಹೊರತು ಹಕ್ಕಿನಿಂದ ಕೇಳುವಂತಿಲ್ಲ. ನುಡಿಯ ವಿಷಯ ಹಾಗಲ್ಲ. ಅದರ ಹಿಂದೆ ಸರಕಾರ ಇತ್ತು, ಸರಕಾರದ ಹಿಂದೆ ಬೆಳ್ತಂಗಡಿಯ ಬೀಡಿ ಕಾರ್ಮಿಕಳ ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಇತ್ತು. ಮೂಲಪಾಠವನ್ನು ಹಕ್ಕಿನಿಂದ ಕೇಳಬೇಕಾದದ್ದು ಅಲ್ಲಿ. ಪುಕ್ಕಟೆ ಹಂಚಿದ್ದರಿಂದ ಆ ಹಕ್ಕು ತೀರಿಹೋಗುವುದಿಲ್ಲ. ಇಷ್ಟಕ್ಕೂ ಸರಕಾರವೇ ಪುಕ್ಕಟೆ ಹಂಚಲು ನಿಂತಾಗ, ಕನ್ನಡ ತಂತ್ರಾಂಶ ಮಾಡಿ ಬದುಕಬೇಕೆಂದಿದ್ದವರ ವ್ಯಾಪಾರಕ್ಕೆ ಪೆಟ್ಟು ಬೀಳದೆ ಇರುತ್ತದೆಯೇ? ಮೂಲವನ್ನು ತೆರೆದಿಟ್ಟಿದ್ದರೆ ಅದೇ ಜನರು ಅದರ ಮೇಲೆ ಕಟ್ಟಿ, ತಿದ್ದಿ, ಅಂಗಡಿಗಳಿಗೆ ಸೇವೆ ಒದಗಿಸಿ ಹಣ ಗಳಿಸಬಹುದಿತ್ತು. ತೆರೆದಿಟ್ಟ ತಂತ್ರಾಂಶದಿಂದ ಹೊಟ್ಟೆ ತುಂಬುವುದು ಕಷ್ಟ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಕನ್ನಡದಂತಹ ಭಾಷೆಯಲ್ಲಿ ಇನ್ನೂ ಕಷ್ಟ. ಸರಕಾರದ ಹಣ ಬೇಕಾಗುವುದು ಅದಕ್ಕೇ.

ಹಾಗೆ ಮಾಡಲು ಸಾಧ್ಯವೇ ಎನ್ನುವವರು ಬಂಟ್ವಾಳ ತಾಲೂಕಿನ ವಿಟ್ಲದಿಂದ ಸಾರಡ್ಕದ ಗಡಿ ದಾಟಿದರೆ ಸಾಕು. 2000ದ ದಶಕದ ನಡುವಿನಿಂದ ಕೇರಳದ ಸರಕಾರಿ ಶಾಲೆಗಳ ಐಟಿ ಶಿಕ್ಷಣ ಮುಕ್ತ ತಂತ್ರಾಂಶದ ಕಡೆಗೆ ತಿರುಗಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾ ಬಂದರು. ನಮ್ಮಲ್ಲೂ ಏನೂ ಆಗಲಿಲ್ಲ ಎನ್ನಲಾರೆ. ಅರವಿಂದ ವಿ.ಕೆ. ಅವರ 'ಗುಬ್ಬಿ', 'ನವಿಲು' ಅಕ್ಷರಗಳು ಮುಕ್ತ ಪರವಾನಗಿಯಲ್ಲಿ ಬಂದವು. ಹಳೆಯ ಕಡತಗಳನ್ನು ಯುನಿಕೋಡಿಗೆ ತರುವ ಅವರ ಪರಿವರ್ತಕದ ಮೂಲಪಾಠವೂ ತೆರೆದೇ ಇದೆ. ಅರ್ಕಾವತ್ತು ತಪ್ಪಿದರೆ ಬಲ್ಲವರು ಯಾರಾದರೂ ಒಳಗೆ ಕೈಹಾಕಿ ಸರಿ ಮಾಡಬಹುದು. ಸರಕಾರ ಮಾಡಬೇಕಾದುದನ್ನು ಬಿಡುವಿನ ವೇಳೆಯಲ್ಲಿ ಮಾಡಿದ ಇಂತಹವರ ಹೆಸರು ಡಿಟಿಪಿ ಅಂಗಡಿಗಳವರಿಗೇ ಗೊತ್ತಿಲ್ಲ.

ಈ ಪ್ರಶ್ನೆ ಕನ್ನಡಕ್ಕೆ ಮುಗಿಯುವುದಿಲ್ಲ. ತುಳು ಲಿಪಿಗೆ 'ತುಳು-ತಿಗಳಾರಿ' ಹೆಸರಿನಲ್ಲಿ 2024ರ ಯುನಿಕೋಡ್ ಆವೃತ್ತಿಯಲ್ಲಿ ಸ್ಥಾನ ಸಿಕ್ಕಿದೆ. ಇನ್ನು ಅದಕ್ಕೆ ಫಾಂಟುಗಳು, ಕೀಲಿಮಣೆಗಳು ಬೇಕು. ಬ್ಯಾರಿ ಭಾಷೆಗೂ ಈ ದಶಕದ ಆರಂಭದಲ್ಲಿ ಅಕಾಡೆಮಿಯ ಮೂಲಕ ಒಂದು ಹೊಸ ಲಿಪಿ ರೂಪುಗೊಂಡಿದೆ. ಆ ಲಿಪಿ ಬೇಕಿತ್ತೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಅದನ್ನು ಇನ್ನೊಮ್ಮೆ ಚರ್ಚಿಸೋಣ. ಆದರೆ ಅಕಾಡೆಮಿಗಳ ಹಣದಲ್ಲಿ ಈ ಲಿಪಿಗಳ ಫಾಂಟು ತಯಾರಿಸಲು ಒಬ್ಬ ಕಲಾವಿದನನ್ನೋ ಸಂಸ್ಥೆಯನ್ನೋ ನೇಮಿಸುವಾಗ ಒಪ್ಪಂದ ಪತ್ರದಲ್ಲಿ ಏನಿರಬೇಕೆಂದು ಸದಸ್ಯರು ಈಗಲೇ ಯೋಚಿಸಬೇಕು. ಸಂಭಾವನೆಯಲ್ಲಿ ಜಿಪುಣತನ ಬೇಡ, ಕೇಳಿದ್ದನ್ನು ಕೊಡಲಿ. ಕೆಲಸ ಮುಗಿದ ದಿನ ಅಕ್ಷರಗಳ ಮೂಲ ಕಡತಗಳನ್ನೂ, ಯಾರು ಬೇಕಾದರೂ ತಿದ್ದಿ ಹಂಚಬಹುದು ಎಂಬ ಲಿಖಿತ ಪರವಾನಗಿಯನ್ನೂ ಕೈಗೆ ಪಡೆದ ಮ���ಲೆಯೇ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕಲಿ.